ರಾಡಿಯಲ್ಲಿ ಓಡುವ ಟ್ರಾಲಿ: ಶಹಾಬಾದ್ ಕಲ್ಲಿನ ಕಟಿಂಗ್ ಮಷೀನಿಗೆ ಹೊಸ ಗೈಡ್

ಫೆಬ್ರುವರಿ ಕೊನೆಯ ವಾರ ಶಹಾಬಾದಿನಿಂದ ಕಲ್ಲು ಕೊಯ್ಯುವ ಯೂನಿಟ್ಟಿನ ಸಾವ್ಕಾರರ ಫೋನು ಬಂತು. "ಮಿಸ್ತ್ರಿ, ಟ್ರಾಲಿ ಮತ್ತ ನಿಂತದ ನೋಡ್ರಿ. ಇಬ್ಬರು ಹುಡುಗ್ರು ದಬ್ಬಿದ್ರೂ ಅಲ್ಲಾಡವಲ್ದು." ಕಲಬುರಗಿಯ ಕಪನೂರಿನಲ್ಲಿರುವ ನಮ್ಮ ವರ್ಕ್‌ಶಾಪಿನಿಂದ ಹೊರಡುವ ಮೊದಲೇ ಏನಾಗಿರಬಹುದೆಂದು ನನಗೆ ಗೊತ್ತಿತ್ತು. ಆ ಟ್ರಾಲಿಯನ್ನು ನೇರ ದಾರಿಯಲ್ಲಿ ಹಿಡಿದು ಓಡಿಸುವ ಗೈಡಾಗಿ ಬಾಲ್ ರೈಲು, ಅಂದರೆ ಬ್ಲಾಕಿನೊಳಗಿನ ಉಕ್ಕಿನ ಗುಂಡುಗಳು ಉರುಳುವ ಹಳಿ, ಕೂರಿಸಿದವನು ನಾನೇ, 14 ತಿಂಗಳ ಹಿಂದೆ. ಕೂರಿಸಿದ ದಿನ ಸಾವ್ಕಾರರ ಎದುರಿಗೆ ಒಂದೇ ಕೈಯಲ್ಲಿ ಸಲೀಸಾಗಿ ತಳ್ಳಿ ತೋರಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕರಕರ ಸದ್ದು ಶುರುವಾಗಿತ್ತು, ಈಗ ಪೂರ್ತಿ ನಿಂತಿತ್ತು.

ಈ ಮಷೀನು ನೋಡದವರಿಗೆ ಎರಡು ಮಾತು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ ಕಲ್ಲು ಸುಣ್ಣದಕಲ್ಲು. ಗಣಿಯಲ್ಲಿ ಪದರ ಪದರವಾಗಿಯೇ ಏಳುತ್ತದೆ. ಹಾಗಾಗಿ ದಪ್ಪಕ್ಕೆ ಸೀಳುವ ಕೆಲಸ ಕಡಿಮೆ, ಅಂಚು ಕೊಯ್ದು ಚೌಕ ಮಾಡುವ ಕೆಲಸ ಹೆಚ್ಚು. ಡೈಮಂಡ್ ಬ್ಲೇಡು ನಿಂತಲ್ಲೇ ತಿರುಗುತ್ತಿರುತ್ತದೆ, ಹಾಸುಗಲ್ಲು ಹೊತ್ತ ಟ್ರಾಲಿ ಅದರ ಕೆಳಗೆ ಹಾದುಹೋಗುತ್ತದೆ. ಬ್ಲೇಡಿಗೆ ಸದಾ ನೀರು ಬೀಳುತ್ತಿರಬೇಕು. ಆ ನೀರು ಕಲ್ಲಿನ ಪುಡಿಯೊಂದಿಗೆ ಕಲಸಿ ಬೂದು ಬಣ್ಣದ ರಾಡಿಯಾಗಿ ಟ್ರಾಲಿಯ ಅಂಚಿನಿಂದ ಇಳಿದು ನೇರ ರೈಲಿನ ಮೇಲೆಯೇ ಬೀಳುತ್ತದೆ. ನಮ್ಮ ಟ್ರಾಲಿ 2.4 ಮೀಟರ್ ಉದ್ದ, 1.2 ಮೀಟರ್ ಅಗಲ, ಮೇಲೆ 12 ಎಂಎಂ ಪ್ಲೇಟು, ಕೆಳಗೆ ಚಾನಲ್ ಫ್ರೇಮು. ಬರಿದೇ ಸುಮಾರು 400 ಕಿಲೊ, ಮೂರು ಕಲ್ಲು ಇಟ್ಟರೆ 600ರ ಹತ್ತಿರ.

ಬಾಲ್ ರೈಲಿನ ಬ್ಲಾಕ್ ಬಿಚ್ಚಿ ವರ್ಕ್‌ಶಾಪಿನ ಟೇಬಲ್ಲಿನ ಮೇಲೆ ಹಳೆ ಪೇಪರ್ ಹಾಸಿ ಇಟ್ಟೆ. ಕನ್ನಡಿಯಂತೆ ಹೊಳೆಯಬೇಕಿದ್ದ ಗುಂಡುಗಳು ಹೊಗೆ ಹಿಡಿದಂತೆ ಮಂಕಾಗಿದ್ದವು. ಗುಂಡು ಓಡುವ ಕಾಲುವೆಯಲ್ಲಿ ಉಗುರು ಆಡಿಸಿದರೆ ಸಣ್ಣ ಗುಳಿಗಳು ತಟ್ಟುತ್ತಿದ್ದವು. ಗುಂಡು ಸುತ್ತಿ ಬರುವ ಪ್ಲಾಸ್ಟಿಕ್ ದಾರಿಯಲ್ಲಿ ಗ್ರೀಸಿನ ಬದಲು ಬೂದು ಬಣ್ಣದ ಗಟ್ಟಿ ಗಾರೆ. ಸ್ಕ್ರೂಡ್ರೈವರಿನಿಂದ ಚುಚ್ಚಿ ತೆಗೆಯಬೇಕಾಯಿತು.

ರಾಡಿ ಒಳಗೆ ಹೊಕ್ಕಿದ್ದು ಹೇಗೆ? ಬ್ಲಾಕಿನ ಎರಡೂ ತುದಿಗೆ ರಬ್ಬರಿನ ಸೀಲ್ ಇತ್ತು. ಆದರೆ ರಾತ್ರಿ ಮಷೀನು ಬಂದ್ ಇದ್ದಾಗ ರೈಲಿನ ಮೇಲಿನ ರಾಡಿ ಒಣಗಿ ಹೊಪ್ಪಳೆಯಾಗುತ್ತದೆ. ಬೆಳಿಗ್ಗೆ ಮೊದಲ ಸಲ ಟ್ರಾಲಿ ಓಡಿದಾಗ ಆ ಹೊಪ್ಪಳೆಯೇ ರಬ್ಬರಿನ ತುಟಿ ಹರಿದಿದೆ. ಇನ್ನೊಂದು ದಾರಿ ರೈಲಿನ ಬೋಲ್ಟ್ ತೂತುಗಳು. ಬೋಲ್ಟಿನ ತಲೆ ಒಳಗೆ ಕೂರಲೆಂದು ಮಾಡಿದ ಗುಳಿಯಲ್ಲಿ ರಾಡಿ ತುಂಬಿಕೊಂಡು, ಸೀಲ್ ಅದರ ಮೇಲೆ ಹಾದಾಗಲೆಲ್ಲ ಚಿಟಿಕೆ ಚಿಟಿಕೆಯಾಗಿ ಒಳಗೆ ಹೋಗಿದೆ. ತೂತು ಮುಚ್ಚುವ ಪ್ಲಾಸ್ಟಿಕ್ ಬಿರಡೆ ಜೊತೆಗೇ ಬಂದಿದ್ದವು. ಅವನ್ನು ಬಡಿದು ಕೂರಿಸಿ ಮೇಲ್ಮೈಗೆ ಸಮ ಮಾಡುವ ಕೆಲಸವನ್ನು ಅವಸರದಲ್ಲಿ ನಾನು ಬಿಟ್ಟಿದ್ದೆ. ಆ ತಪ್ಪು ನನ್ನದು.

ಬಿರಡೆ ಹಾಕಿದ್ದರೂ ಬಹಳ ದಿನ ಬಾಳುತ್ತಿರಲಿಲ್ಲ ಎಂಬುದು ಈಗ ನನ್ನ ಅಭಿಪ್ರಾಯ. ಬಾಲ್ ರೈಲಿಗೆ ಎರಡು ಹಳಿ ಒಂದಕ್ಕೊಂದು ಎಂಎಂನ ನೂರನೇ ಭಾಗದ ಲೆಕ್ಕದಲ್ಲಿ ಸಮಾನಾಂತರ ಇರಬೇಕು. ನಮ್ಮದು ವೆಲ್ಡ್ ಮಾಡಿದ ಚಾನಲ್ ಫ್ರೇಮು. ಅದು ನಿಂತದ್ದು ಎರಿ ಮಣ್ಣಿನ ಮೇಲಿನ ಕಾಂಕ್ರೀಟು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜೂನಿನಲ್ಲಿ ಲೆವೆಲ್ ಮಾಡಿದ ಹಳಿ ಜನವರಿಗೆ ಎರಡು ಎಂಎಂ ಆಚೀಚೆ ಆಗಿದ್ದನ್ನು ನೀರಿನ ಪೈಪಿನ ಲೆವೆಲ್ಲಿನಲ್ಲಿ ನಾನೇ ಅಳೆದಿದ್ದೇನೆ. ಅಷ್ಟು ನಾಜೂಕಿನ ಸಾಮಾನನ್ನು ಇಂಥ ನೆಲದ ಮೇಲೆ ಕೂರಿಸಬಾರದಿತ್ತು.

ಆಗ ನನ್ನನ್ನು ದಾರಿ ತಪ್ಪಿಸಿದ್ದು ಒಂದೇ ಒಂದು ಅಂಕಿ. ಬಾಲ್ ರೈಲಿನ ಘರ್ಷಣಾ ಗುಣಾಂಕ (ಭಾರದ ಎಷ್ಟು ಪಾಲು ಬಲ ಎಳೆಯಲು ಬೇಕೆಂಬ ಅಂಕಿ) 0.003ರ ಆಸುಪಾಸು, 600 ಕಿಲೊ ಭಾರಕ್ಕೆ ಸೀಲಿನ ಎಳೆತ ಬಿಟ್ಟರೆ ಎರಡು ಕಿಲೊ ಬಲ ಸಾಕು. ಗ್ರೀಸ್ ಹಚ್ಚಿದ ಲೋಹದ ಗೈಡಿಗೆ ಅದು 0.1 ದಾಟುತ್ತದೆ. ಕಾಗದದ ಮೇಲೆ ಹೋಲಿಸಿದರೆ ಯಾರಾದರೂ ಬಾಲ್ ರೈಲನ್ನೇ ಆರಿಸುತ್ತಾರೆ. ಆದರೆ ಈ ಟ್ರಾಲಿಯನ್ನು ಎಳೆಯುವುದು ಮನುಷ್ಯರಲ್ಲ, ಗೇರ್ ಪೆಟ್ಟಿಗೆ ಇರುವ 1 ಎಚ್‌ಪಿ ಮೋಟರು, ಚೈನಿನ ಮೂಲಕ. ಕೊಯ್ಯುವಾಗ ವೇಗ ನಿಮಿಷಕ್ಕೆ ಒಂದೂವರೆ ಮೀಟರ್, ವಾಪಸ್ ಬರುವಾಗ 6 ಮೀಟರ್. ಎಳೆಯಲು 120 ಕಿಲೊ ಬಲ ಬೇಕಾದರೂ ವಾಪಸ್ ಓಟದಲ್ಲಿ ಖರ್ಚಾಗುವುದು ಸುಮಾರು 120 ವಾಟ್. 1 ಎಚ್‌ಪಿ ಎಂದರೆ 746 ವಾಟ್. ಅಂದರೆ ಅಷ್ಟು ಕಡಿಮೆ ಘರ್ಷಣೆಯ ಅಗತ್ಯವೇ ನಮಗಿರಲಿಲ್ಲ. ಬೇಕಿದ್ದದ್ದು ಮೊದಲ ದಿನವೂ ಇನ್ನೂರನೇ ದಿನವೂ ಒಂದೇ ತೆರನಾಗಿರುವ ಘರ್ಷಣೆ. ಟ್ರಾಲಿ ತಡೆದು ತಡೆದು ಜಿಗಿದರೆ ಬ್ಲೇಡು ಕಲ್ಲಿನ ಅಂಚು ಹಾರಿಸುತ್ತದೆ, ಆ ಕಲ್ಲು ಎರಡನೇ ದರ್ಜೆಗೆ ಹೋಗುತ್ತದೆ. ಸಾವ್ಕಾರರಿಗೆ ನಷ್ಟ ಆಗುತ್ತಿದ್ದದ್ದೇ ಅಲ್ಲಿ.

ಇನ್ನು ಏನು ಹಾಕಬೇಕು? ನನ್ನ ಮುಂದೆ ನಾಲ್ಕು ದಾರಿ ಇದ್ದವು.

ಗನ್‌ಮೆಟಲ್, ಅಂದರೆ ತಾಮ್ರ-ತವರದ ಮಿಶ್ರಲೋಹ, ಈ ಮಷೀನಿಗೆ ಮೂಲತಃ ಇದ್ದದ್ದು. ಸ್ವಚ್ಛ ಜಾಗದಲ್ಲಿ, ಎಣ್ಣೆ ಕೊಡುತ್ತಿದ್ದರೆ ಅದರಷ್ಟು ನಂಬಿಕೆಯ ಗೈಡು ಇನ್ನೊಂದಿಲ್ಲ. ಇಲ್ಲಿ ಮಾತ್ರ ಗ್ರೀಸಿಗೆ ಕಲ್ಲಿನ ಪುಡಿ ಅಂಟಿ ವಾಲ್ವ್ ಗ್ರೈಂಡಿಂಗ್ ಪೇಸ್ಟಿನಂತಾಗುತ್ತದೆ, ಗನ್‌ಮೆಟಲನ್ನೂ ಹಳಿಯನ್ನೂ ಕೂಡಿಯೇ ತಿನ್ನುತ್ತದೆ. ಗ್ರೀಸ್ ಹೆಚ್ಚು ಹಾಕಿದಷ್ಟೂ ಹೆಚ್ಚು ಪುಡಿ ಹಿಡಿಯುತ್ತದೆ.

ನೈಲಾನ್ ಹಾಕಿಸಿದ ಪಕ್ಕದ ಯೂನಿಟ್ಟಿನವರು ಅದನ್ನು ಒಂದೇ ತಿಂಗಳಲ್ಲಿ ಕಿತ್ತರು. ನೈಲಾನ್ ನೀರು ಕುಡಿಯುತ್ತದೆ. ದಿನವಿಡೀ ನೀರಿನಲ್ಲಿದ್ದರೆ ತೂಕದ 8 ಪ್ರತಿಶತದವರೆಗೂ ಹೀರಿ ಉಬ್ಬುತ್ತದೆ, ಅರ್ಧ ಎಂಎಂ ಸಂದು ಬಿಟ್ಟಿದ್ದರೆ ಆ ಸಂದೇ ಮಾಯ.

ಸುತ್ತಲೂ ವಿ ಆಕಾರದ ಕಾಲುವೆ ಇರುವ ಚಕ್ರ ಮತ್ತು ಮೂಲೆ ಮೇಲಾಗಿ ಬೋರಲು ಹಾಕಿದ ಆಂಗಲ್ ಹಳಿ ನಮ್ಮ ಕಡೆ ಬಹಳ ಕಡೆ ಇದೆ. ಕೈಯಿಂದ ತಳ್ಳುವ ಟ್ರಾಲಿಗೆ ಈಗಲೂ ನಾನು ಅದನ್ನೇ ಹಾಕಿಕೊಡುತ್ತೇನೆ, ಮೋಟರ್ ಇಲ್ಲದ ಕಡೆ ಉರುಳುವುದೇ ಸರಿ. ಆದರೆ ಕಡಲೆಕಾಳಿನಷ್ಟು ಕಲ್ಲುಚೂರು ಹಳಿಯ ಮೇಲೆ ಬಿದ್ದರೆ ಚಕ್ರ ಅದನ್ನು ಹತ್ತಿ ಇಳಿಯುತ್ತದೆ. 600 ಕಿಲೊ ಹತ್ತಿ ಇಳಿದಾಗ ಬ್ಲೇಡಿನ ಕೆಳಗಿನ ಕಲ್ಲಿಗೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಜಾರುವ ಗೈಡಾದರೆ ಚೂರನ್ನು ಮುಂದೆ ದಬ್ಬುತ್ತದೆ, ಹತ್ತುವುದಿಲ್ಲ.

ಉಳಿದದ್ದು ಯುಎಚ್‌ಎಂಡಬ್ಲ್ಯೂ ಪಾಲಿಥೀನ್. ಕೊಡ, ಬಕೆಟ್ ಮಾಡುವ ಪಾಲಿಥೀನಿನದೇ ಜಾತಿ, ಆದರೆ ಅಣುವಿನ ಸರಪಳಿ ಬಹಳ ಉದ್ದ. ಅದರಿಂದಲೇ ತಿಕ್ಕಾಟಕ್ಕೆ ಜಗ್ಗುವುದಿಲ್ಲ. ಕಲ್ಲಿದ್ದಲು, ಅದಿರು ಜಾರುವ ಚ್ಯೂಟು, ಹಾಪರುಗಳಿಗೆ ಒಳಪದರವಾಗಿ ಹಾಕುತ್ತಾರೆ. ನೀರು ಹೀರುವುದೇ ಇಲ್ಲ ಎನ್ನಬಹುದು. ಉಕ್ಕಿನ ಮೇಲೆ ಗುಣಾಂಕ 0.1ರಿಂದ 0.2. ಗ್ರೀಸ್ ಬೇಡ. ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು: ನಿಂತದ್ದನ್ನು ಅಲುಗಿಸಲು ಬೇಕಾದ ಬಲಕ್ಕೂ, ಓಡುತ್ತಿರುವುದನ್ನು ಓಡಿಸಲು ಬೇಕಾದ ಬಲಕ್ಕೂ ಅಂತರ ಕಡಿಮೆ. ಜಿಗಿತ ಹುಟ್ಟುವುದೇ ಆ ಅಂತರದಿಂದ.

ಟೆಫ್ಲಾನ್ ಇನ್ನೂ ನುಣುಪಲ್ಲವೇ ಎಂದು ನಮ್ಮ ಹುಡುಗ ಕೇಳಿದ. ಹೌದು, ನುಣುಪೇ. ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ ಇಂಗ್ಲೆಂಡಿನ ಡಾಕ್ಟರು ಜಾನ್ ಚಾರ್ನ್ಲಿ ಕೂಡ ಮೊದಲು ಟೆಫ್ಲಾನನ್ನೇ ಹಾಕಿದ್ದರು. ಅದು ಬೇಗ ಸವೆದು, ಸವೆದ ಪುಡಿಯಿಂದ ರೋಗಿಗಳಿಗೆ ತೊಂದರೆಯಾಯಿತು. 1962ರಲ್ಲಿ ಅವರು ಪಾಲಿಥೀನಿಗೆ ಬದಲಾದರು. ಘರ್ಷಣೆ ಟೆಫ್ಲಾನಿಗಿಂತ ಹೆಚ್ಚು, ಸವೆತ ಮಾತ್ರ ಎಷ್ಟೋ ಪಾಲು ಕಡಿಮೆ. ಇವತ್ತಿಗೂ ಕೃತಕ ಕೀಲುಗಳಲ್ಲಿ ಆ ಪಾಲಿಥೀನಿನ ಜಾತಿಯೇ ಇದೆ. ಈ ಸಂಗತಿ ಹೇಳಿದ ಮೇಲೆ ಹುಡುಗ ಟೆಫ್ಲಾನಿನ ಮಾತು ಎತ್ತಲಿಲ್ಲ.

ಆರಿಸಿದ್ದು ಸರಿ, ಮೊದಲ ಸಲ ಕೂರಿಸಿದ್ದು ತಪ್ಪು. ಹಳಿಯ ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ಹಾಸಿ, ಟ್ರಾಲಿಯ ಕೆಳಗೆ ಉಕ್ಕಿನ ಪಾದ ಇಟ್ಟರೆ ಸುಲಭ ಎನಿಸಿತು. 3 ಮೀಟರ್ ಉದ್ದದ ಪಟ್ಟಿಗೆ ಎರಡೂ ತುದಿಯಲ್ಲಿ, ನಡುವೆ ಎರಡು ಕಡೆ ಬೋಲ್ಟ್ ಬಿಗಿದೆವು. ಆಗ ಮಾರ್ಚಿನ ಮೊದಲ ವಾರ, ಬೆಳಗಿನ ಹೊತ್ತು. ಏಪ್ರಿಲ್ ಮಧ್ಯಾಹ್ನ ಶೆಡ್ಡಿನ ತಗಡು ಕಾದು, ನಮ್ಮ ಕಡೆಯ ಬಿಸಿಲು 42 ಡಿಗ್ರಿ ಮುಟ್ಟಿದ ದಿನ ಸಾವ್ಕಾರರ ಮಗ ಫೋಟೊ ಕಳಿಸಿದ. ಪಟ್ಟಿ ಬೋಲ್ಟ್‌ಗಳ ನಡುವೆ ಹಾವಿನಂತೆ ಎದ್ದು ನಿಂತಿತ್ತು. ಲೆಕ್ಕ ಮೊದಲೇ ಮಾಡಬೇಕಿತ್ತು. ಈ ಪ್ಲಾಸ್ಟಿಕ್ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.18 ಎಂಎಂ ಹಿಗ್ಗುತ್ತದೆ. 3 ಮೀಟರಿಗೆ 25 ಡಿಗ್ರಿ ಏರಿದರೆ 13 ಎಂಎಂಗೂ ಹೆಚ್ಚು. ಅದೇ ಉದ್ದದ ಉಕ್ಕು ಒಂದು ಎಂಎಂ ಕೂಡ ಹಿಗ್ಗುವುದಿಲ್ಲ. ಎದ್ದ ಪಟ್ಟಿಯ ಮೇಲ್ಮೈ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಕಲ್ಲಿನ ಹರಳು ಅದರೊಳಗೆ ಹೂತು ಕೂತಿದ್ದವು, ಕೈ ಸವರಿದರೆ ಮರಳುಕಾಗದದಂತೆ ತಾಗುತ್ತಿತ್ತು. ಮೇಲ್ಮುಖವಾಗಿ ಮಲಗಿದ ಮೆತ್ತನೆಯ ವಸ್ತುವಿನ ಮೇಲೆ ರಾಡಿ ಬಿದ್ದರೆ ಇನ್ನೇನಾಗುತ್ತದೆ!

ಆಮೇಲೆ ತಲೆಕೆಳಗು ಮಾಡಿದೆವು. ಕೆಳಗೆ ಉದ್ದಕ್ಕೆ ಗಟ್ಟಿ ಲೋಹ, ಮೇಲೆ ಟ್ರಾಲಿಗೆ ಅಂಟಿಕೊಂಡು ಚಲಿಸುವ ಪ್ಲಾಸ್ಟಿಕ್ಕಿನ ಗಿಡ್ಡ ಪಾದಗಳು, ಮುಖ ಕೆಳಗೆ. ಒಂದು ಪಾದ 150 ಎಂಎಂ ಉದ್ದ, 50 ಅಗಲ, 20 ದಪ್ಪ. ಆ ಉದ್ದಕ್ಕೆ ಬಿಸಿಲಿನ ಹಿಗ್ಗು ಅರ್ಧ ಎಂಎಂ ಚಿಲ್ಲರೆ, ತೂತು ಸ್ವಲ್ಪ ಸಡಿಲ ಇಟ್ಟರೆ ಮುಗಿಯಿತು. ನಾಲ್ಕು ಕಡೆ ಸೇರಿ ಭಾರ ಹಂಚಿದರೆ ಒತ್ತಡ ಚದರ ಎಂಎಂಗೆ 0.2 ನ್ಯೂಟನ್ ಸುತ್ತಮುತ್ತ. ಈ ಪ್ಲಾಸ್ಟಿಕ್ಕಿಗೆ ಅದು ಏನೂ ಅಲ್ಲ, ನಮ್ಮ ವೇಗವೂ ಕಡಿಮೆ, ಬಿಸಿಯೇಳುವ ಭಯವಿಲ್ಲ.

ಬ್ಲೇಡಿನ ಮೋಟರ್ ಇರುವ ಬದಿಯ ಹಳಿಯನ್ನು ಬೋರಲು ವಿ ಮಾಡಿದೆವು. 65 ಎಂಎಂ ಆಂಗಲನ್ನು ಮೂಲೆ ಮೇಲೆ ಬರುವಂತೆ ಚಾನಲ್ಲಿಗೆ ಕೂರಿಸಿ, ಅದರ ಮೇಲೆ 3 ಎಂಎಂ 304 ಸ್ಟೇನ್‌ಲೆಸ್ ಶೀಟನ್ನು ಬಗ್ಗಿಸಿ ಟೋಪಿಯಂತೆ ಹಾಕಿ ಕೆಳಗಿನ ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ವೆಲ್ಡ್ ಹಿಡಿದೆ. 45 ಡಿಗ್ರಿ ಇಳಿಜಾರಿನ ಮೇಲೆ ಹಸಿ ರಾಡಿ ನಿಲ್ಲುವುದಿಲ್ಲ. ಬರೀ ಎಂಎಸ್, ಅಂದರೆ ಸಾದಾ ಉಕ್ಕು, ಬಿಟ್ಟಿದ್ದರೆ ಒಂದು ಭಾನುವಾರದ ರಜೆಗೇ ತುಕ್ಕು ಹಿಡಿದು, ಆ ತುಕ್ಕಿನ ಒರಟು ಪ್ಲಾಸ್ಟಿಕ್ಕನ್ನು ಕೆರೆಯುತ್ತಿತ್ತು. ವಿ ಆಕಾರಕ್ಕೆ ಒಂದು ಬೆಲೆ ತೆರಬೇಕು: ಎರಡು ಇಳಿಜಾರು ಮುಖಗಳ ಮೇಲೆ ಬೀಳುವ ಒತ್ತಡ ಕೂಡಿಸಿದರೆ ನೇರ ಭಾರದ 1.4 ಪಟ್ಟು, ಆ ಬದಿಯ ಘರ್ಷಣೆಯೂ ಅಷ್ಟೇ ಪಟ್ಟು. ಎದುರು ಬದಿಯ ಹಳಿ ಬರೀ ಚಪ್ಪಟೆ, ಅದೂ ಸ್ಟೇನ್‌ಲೆಸ್ ಹೊದಿಸಿದ್ದು, ಹೊರಕ್ಕೆ ತುಸು ಓರೆ. ಅಲ್ಲಿ ಪಾದಕ್ಕೆ ಪಕ್ಕದ ಹಿಡಿತ ಇಲ್ಲ, ಆಚೀಚೆ ಸರಿಯಬಹುದು. ಎರಿ ಮಣ್ಣು ಹಳಿಗಳ ಅಂತರವನ್ನು ಎರಡು ಎಂಎಂ ಬದಲಿಸಿದರೂ ಈಗ ಟ್ರಾಲಿ ಸಿಕ್ಕಿಕೊಳ್ಳುವುದಿಲ್ಲ. ಎರಡೂ ಕಡೆ ವಿ ಹಾಕಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಚೈನಿನ ಜಾಗವನ್ನೂ ಬದಲಿಸಿದೆ. ಮೊದಲು ಚೈನು ಚಪ್ಪಟೆ ಹಳಿಯ ಬದಿಗಿತ್ತು, ದಿಕ್ಕು ಹಿಡಿಯುವ ಎರಡು ಗನ್‌ಮೆಟಲ್ ಪಾದ ಎದುರು ಬದಿಯಲ್ಲಿ ಬರೀ 400 ಎಂಎಂ ಅಂತರದಲ್ಲಿ. ಹಳೇ ಟೇಬಲ್ಲಿನ ಖಾನೆಯನ್ನು ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದಲ್ಲ, ಅದೇ ಸಂಗತಿ. ಗುಣಾಂಕ 0.25 ಎಂದು ಹಿಡಿದರೆ, ಎಳೆಯುವ ಬಿಂದು ಗೈಡಿನಿಂದ ದೂರ ಇರುವುದು ಪಾದಗಳ ನಡುವಿನ ಅಂತರದ ಎರಡು ಪಟ್ಟಿಗಿಂತ ಹೆಚ್ಚಾಗಬಾರದು. ಅಲ್ಲಿ 1.1 ಮೀಟರಿಗೆ 0.4 ಮೀಟರ್, ಅಂದರೆ ಎರಡೂಮುಕ್ಕಾಲು ಪಟ್ಟು. ಗ್ರೀಸ್ ಒಣಗಿ ಪುಡಿ ಸೇರಿ ಗುಣಾಂಕ ಏರಿದ ದಿನ ಮೋಟರ್ ಎಷ್ಟೇ ಎಳೆದರೂ ಸಿಕ್ಕಿಕೊಳ್ಳಲೇಬೇಕು. ಈಗ ಪಾದಗಳ ಅಂತರ 1.8 ಮೀಟರ್, ಚೈನು ವಿ ಹಳಿಯಿಂದ ಒಂದು ಗೇಣು.

ಪಾದ ಮಾಡಲು ಲೇಥಿನ ಕಡೆ ಹೋಗಲಿಲ್ಲ, ಬಡಿಗೇರ ಕಾಕಾನ ಅಂಗಡಿಗೆ ಹೋದೆ. ಈ ಪ್ಲಾಸ್ಟಿಕ್ಕನ್ನು ಮರ ಕೆತ್ತುವ ಉಪಕರಣವೇ ಚೆನ್ನಾಗಿ ಕೊಯ್ಯುತ್ತದೆ, ಬ್ಲೇಡು ಹೊಸದಿರಬೇಕು ಅಷ್ಟೇ. ಮೊಂಡಾದರೆ ಅಂಚಿಗೆ ನಾರು ಏಳುತ್ತದೆ. ಕಾಕಾ ರಂಧಾ ಹಾಕಿ ನೋಡಿ, "ಇದು ಸಾಗವಾನಿಗಿಂತ ಮೆತ್ತಗ ಬರ್ತಾದಲ್ಲೋ" ಎಂದು ಉದ್ದನೆಯ ಬಿಳಿ ಸುರುಳಿ ಎತ್ತಿ ತೋರಿಸಿದರು. ಪಾದದ ಮುಖಕ್ಕೆ ಓರೆಯಾಗಿ ನಾಲ್ಕು ಗೀರು ಹೊಡೆಸಿದೆ, 5 ಎಂಎಂ ಅಗಲ, 6 ಎಂಎಂ ಆಳ. ಒಳಗೆ ಹೊಕ್ಕ ಹರಳಿಗೆ ಹೊರಹೋಗುವ ದಾರಿ ಅದು. ಮುಂದಿನ ಅಂಚನ್ನು ದುಂಡು ಮಾಡದೆ ಚೂಪಾಗಿಯೇ ಬಿಟ್ಟೆ; ದುಂಡಾದರೆ ರಾಡಿಯನ್ನು ಅಡಿಗೆ ಸೆಳೆದುಕೊಳ್ಳುತ್ತದೆ.

ಇದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಬೋಲ್ಟೇ ಗತಿ. ಎಂ8 ಅಲನ್ ಬೋಲ್ಟಿನ ತಲೆ ಮುಖದಿಂದ 9 ಎಂಎಂ ಒಳಗೆ ಕೂರುವಂತೆ ಗುಳಿ ತೆಗೆದೆ. 6 ಎಂಎಂ ಸವೆದರೆ ಪಾದ ಬದಲಿಸಬೇಕು, ಆಗ ಗೀರೂ ಮಾಯವಾಗಿರುತ್ತದೆ, ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಬೋಲ್ಟನ್ನು ನೇರ ಬಿಗಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಕ್ರಮೇಣ ಅಮುಕಿ ಸರಿದು ಬಿಗಿತ ಸಡಿಲವಾಗುತ್ತದೆ. ಅದಕ್ಕೆ ಪ್ರತಿ ತೂತಿನೊಳಗೆ ಉಕ್ಕಿನ ಸಣ್ಣ ಬುಷ್ (ಗಿಡ್ಡ ಕೊಳವೆ) ಹಾಕಿ, ಬಿಗಿತ ಪೂರ್ತಿ ಬುಷ್‌ನ ಮೇಲೆ ಬೀಳುವಂತೆ ಮಾಡಿದೆ.

ಇಷ್ಟೆಲ್ಲ ಆದರೂ ರಾಡಿ ಹಳಿಯ ತಲೆಯ ಮೇಲೆಯೇ ಬೀಳುತ್ತಿದ್ದರೆ ಪ್ರಯೋಜನವಿಲ್ಲ. ಟ್ರಾಲಿಯ ಪ್ಲೇಟಿಗೆ ಎರಡೂ ಬದಿ 150 ಎಂಎಂ ಛಜ್ಜಾ ಬೆಸೆದೆ. ಛಜ್ಜಾದ ತುದಿಯಿಂದ ನೀರು ಕೆಳಗೆ ಬೀಳದೆ ಪ್ಲೇಟಿನ ಅಡಿಗೆ ಅಂಟಿಕೊಂಡು ಒಳಗೆ ಹರಿದು ಹಳಿಯ ಮೇಲೆ ತೊಟ್ಟಿಕ್ಕುವುದನ್ನು ಟಾರ್ಚ್ ಹಿಡಿದು ನೋಡಿದೆ. ಮನೆ ಕಟ್ಟುವ ಗೌಂಡಿಗಳು ಛಜ್ಜಾದ ಅಡಿಗೆ ಒಂದು ಗೀರು ಬಿಡುತ್ತಾರೆ, ನೀರು ಅಲ್ಲೇ ಕಡಿದು ಬೀಳಲೆಂದು. ನಾನು 6 ಎಂಎಂ ಸರಳನ್ನು ಅಂಚಿನ ಅಡಿಗೆ ಉದ್ದಕ್ಕೂ ಬೆಸೆದೆ. ನೀರು ಸರಳಿಗೆ ಬಂದು ಅಲ್ಲೇ ಬಿತ್ತು. ಹೊರಗಡೆ ಗುಜರಿಯಲ್ಲಿ ಸಿಕ್ಕ ಹಳೆ ಕನ್ವೇಯರ್ ಬೆಲ್ಟನ್ನು ಸೀಳಿ ಪರದೆಯಂತೆ ಇಳಿಬಿಟ್ಟೆ. ಪ್ರತಿ ಪಾದದ ಮುಂದೆ ಹಿಂದೆ ಮೊದಲು 2 ಎಂಎಂ ಹಿತ್ತಾಳೆ ಪಟ್ಟಿ, ಹಳಿಯಿಂದ ಅರ್ಧ ಎಂಎಂ ಮೇಲೆ, ಒಣ ಹೊಪ್ಪಳೆ ಒಡೆಯಲು. ಅದರ ಹಿಂದೆ ಹಳಿಗೆ ತಾಗುವ ರಬ್ಬರ್ ತುಟಿ. ನಮದಾ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ಹಾಕುವ ಯೋಚನೆ ಇತ್ತು, ಕೈಬಿಟ್ಟೆ. ಅದು ಹರಳನ್ನು ಹಿಡಿದಿಟ್ಟುಕೊಂಡು ತಾನೇ ಮರಳುಕಾಗದ ಆಗುತ್ತದೆ.

ಕೊನೆಗೆ ಹಳಿಗೆ ನೀರಿನ ಸಣ್ಣ ಧಾರೆ. ನೀರು ಈ ಪ್ಲಾಸ್ಟಿಕ್ಕಿಗೆ ಎಣ್ಣೆಯ ಕೆಲಸ ಮಾಡುತ್ತದೆ, ಜೊತೆಗೆ ತೊಳೆಯುತ್ತದೆ. ಬ್ಲೇಡಿಗೆ ಹೋಗುವ ಪೈಪಿನಿಂದಲೇ ಒಂದು ಕವಲು ಎಳೆದಿದ್ದೆ. ನಾಲ್ಕನೇ ದಿನಕ್ಕೆ ತೂತು ಕಟ್ಟಿತು. ಬಿಚ್ಚಿದಾಗ ಒಳಗೆಲ್ಲ ಅದೇ ಬೂದು ಗಾರೆ. ಬ್ಲೇಡಿನ ನೀರು ಹೊಂಡದಲ್ಲಿ ತಿಳಿಯಾಗಿ ತಿರುಗಿ ಬರುವ ನೀರು. ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ನಯವಾದ ಪುಡಿ ಇದ್ದೇ ಇರುತ್ತದೆ, ಬ್ಲೇಡಿನಿಂದ ಉದುರಿದ ವಜ್ರದ ಹರಳೂ ಇರಬಹುದು. ಸುಣ್ಣದಕಲ್ಲು ಸ್ವತಃ ಮೆತ್ತನೆಯದು, ಉಕ್ಕನ್ನು ಗೀರಲಾರದು. ಗೀರುವುದು ಜೊತೆಗೆ ಬರುವ ಬೆಣಚು ಮತ್ತು ವಜ್ರ. ಅಂಥ ನೀರನ್ನು ನಾನೇ ಹಳಿಗೆ ಸುರಿಯುತ್ತಿದ್ದೆ. ಕವಲು ಕಿತ್ತು ಬೋರ್‌ವೆಲ್ ನೀರಿನ ಮೇಲಿನ ಟ್ಯಾಂಕಿನಿಂದ ಬೇರೆ ಪೈಪ್ ಎಳೆದೆ.

ಮೇ ಕೊನೆಗೆ ಮಷೀನು ಚಾಲೂ ಆಯಿತು. ಚೈನ್ ಬಿಚ್ಚಿ, ತೂಗುವ ಕೊಕ್ಕೆ ಕಾಟಾ ಸಿಕ್ಕಿಸಿ ಚೈನ್ ಬ್ಲಾಕಿನಿಂದ ಟ್ರಾಲಿ ಎಳೆದು ನೋಡಿದೆ. ಮೂರು ಕಲ್ಲು ಇಟ್ಟಾಗ, ಹಳಿ ಒದ್ದೆ ಇದ್ದರೆ 95ರಿಂದ 105 ಕಿಲೊ. ರಾಡಿ ಬಳಿದು ಎಳೆದರೆ 120. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಣ ಹೊಪ್ಪಳೆಯ ಮೇಲೆ ಎಳೆದರೆ ಶುರುವಿಗೆ 190, ಒಂದು ಮಾರು ಸರಿದ ಮೇಲೆ 125. ಆ 190 ನನಗೆ ಸರಿ ಕಾಣಲಿಲ್ಲ. ಸಂಜೆ ಮಷೀನು ಬಂದ್ ಮಾಡುವ ಮೊದಲು, ರಾಡಿ ಹಸಿ ಇರುವಾಗಲೇ, ಹಳಿಗೆ ಎರಡು ನಿಮಿಷ ಪೈಪ್ ಹಿಡಿಯಬೇಕೆಂದು ಆಪರೇಟರ್ ತಮ್ಮನಿಗೆ ಕೈಹಿಡಿದು ಕಲಿಸಿದೆ. "ಅಷ್ಟೇನಾ ಅಣ್ಣಾ, ಗ್ರೀಸ್ ಬ್ಯಾಡಾ?" ಎಂದ. ಬೇಡವೇ ಬೇಡ ಎಂದು ಗ್ರೀಸ್ ಗನ್ನನ್ನು ಶೆಡ್ಡಿನಿಂದಲೇ ಹೊರಗೆ ಒಯ್ದೆ.

ಡಿಸೆಂಬರಿನಲ್ಲಿ ಹೋಗಿ ಪಾದ ಬಿಚ್ಚಿ ವರ್ನಿಯರ್ ಹಿಡಿದೆ. ಚಪ್ಪಟೆ ಬದಿಯದು 19.3 ಎಂಎಂ, ವಿ ಬದಿಯದು 18.8. ಬ್ಲೇಡಿನ ಹತ್ತಿರದ ಪಾದ ಉಳಿದವಕ್ಕಿಂತ ಹೆಚ್ಚು ಸವೆದಿದೆ. ಸ್ಟೇನ್‌ಲೆಸ್ ಮೇಲೆ ಉದ್ದುದ್ದ ಕೂದಲೆಳೆ ಗೀರು ಬಿದ್ದಿವೆ, ಉಗುರಿಗೆ ಇನ್ನೂ ತಟ್ಟುವುದಿಲ್ಲ. ರಬ್ಬರ್ ತುಟಿ ಎರಡು ಹರಿದಿದ್ದವು, ಅದೇ ಬೆಲ್ಟಿನ ತುಂಡು ಕೊಯ್ದು ಅಲ್ಲೇ ಬದಲಿಸಿದೆ. ಮಳೆಗಾಲದಲ್ಲಿ ಹಳಿಗಳ ಅಂತರ ಒಂದೂವರೆ ಎಂಎಂ ಹೆಚ್ಚಿತ್ತಂತೆ, ಅಳೆದು ಚೀಟಿಯಲ್ಲಿ ಬರೆದಿಟ್ಟಿದ್ದು ಸಾವ್ಕಾರರ ಮಗ. ಟ್ರಾಲಿ ಒಂದು ದಿನವೂ ನಿಂತಿಲ್ಲ.

ಸಾವ್ಕಾರರು ಎರಡನೇ ಮಷೀನನ್ನೂ ಒಪ್ಪಿಸಿದ್ದಾರೆ. ಅದರಲ್ಲಿ ಚಪ್ಪಟೆ ಹಳಿಯ ಓರೆಯನ್ನು ಇನ್ನೂ ಎರಡು ಡಿಗ್ರಿ ಹೆಚ್ಚಿಸುತ್ತಿದ್ದೇನೆ, ಡಿಸೆಂಬರಿನಲ್ಲಿ ನೋಡಿದಾಗ ಅದರ ಒಳ ಅಂಚಿನಲ್ಲಿ ಒಂದು ಬೆರಳಗಲ ರಾಡಿ ನಿಂತಿತ್ತು. ಶೀಟು ಬಗ್ಗಿಸಲು ಕೊಟ್ಟಿದ್ದೇನೆ, ಸೋಮವಾರ ಬರುತ್ತದೆ.